ಹೊಲದಾಚೆಯ ಜನರೇಟರ್

ಜನವರಿ ಮೊದಲ ವಾರ, ಮೂವರು ರಾಜರ ಹಬ್ಬದ ಹಿಂದಿನ ದಿನ ಹಿಡಿದ ಮಳೆ ಹಬ್ಬ ಕಳೆದರೂ ಬಿಡಲಿಲ್ಲ. ಮೇಲಿನಿಂದ ಬರುವಾಗ ಅದು ಬರೀ ನೀರು. ತಂತಿ, ಬೇಲಿ, ಕೊಂಬೆ, ಟ್ರಾಕ್ಟರಿನ ಹಿಡಿಕೆ, ಏನನ್ನು ಮುಟ್ಟಿದರೂ ಅಲ್ಲೇ ಗಡ್ಡೆಕಟ್ಟಿ ಕೂತುಬಿಡುತ್ತಿತ್ತು. ಮೊದಲ ಬೆಳಿಗ್ಗೆ ಓಡೆಟ್ ಕಿಟಕಿಯಲ್ಲಿ ನಿಂತು, “ಎಷ್ಟು ಚೆನ್ನಾಗಿದೆ ನೋಡು” ಎಂದು ಮಗಳನ್ನು ಕರೆದು ತೋರಿಸಿದ್ದಳು. ಮಾರನೆಯ ದಿನ ಹಾಗೆ ಅಂದದ್ದಕ್ಕೆ ತನಗೇ ನಾಚಿಕೆಯಾಯಿತು. ಊರಾಚೆಯ ಹೊಲಮನೆಗಳ ನಾಲ್ಕನೇ ಸಾಲಿನ ರಸ್ತೆಯುದ್ದಕ್ಕೂ ಕರೆಂಟಿನ ಕಂಬಗಳು ಒಂದನ್ನೊಂದು ಎಳೆದುಕೊಂಡು ಮಲಗಿದವು. ಅದರ ಹಿಂದೆಯೇ ಫೋನೂ ಸತ್ತಿತು. ಬ್ಯಾಟರಿ ರೇಡಿಯೋ ಮಾತ್ರ, ಗ್ರಾನ್‌ಬಿಯಿಂದ ಹಿಡಿದು ಮಾಂಟ್ರಿಯಲ್‌ವರೆಗೆ ಕತ್ತಲೆ ಕತ್ತಲೆ ಎಂದು ಒಂದೇ ಸಮನೆ ಹೇಳುತ್ತಿತ್ತು.

ಮನೆಯಲ್ಲಿದ್ದವರು ನಾಲ್ಕು ಜನ: ಓಡೆಟ್, ಅವಳ ಗಂಡ ರೆಜಾನ್, ಹನ್ನೊಂದರ ಮಗಳು ಅನಿಕ್ ಮತ್ತು ರೆಜಾನನ ತಂದೆ ಒವಿಲಾ. ಉಳಿದ ಕೋಣೆಗಳ ಬಾಗಿಲು ಮುಚ್ಚಿ, ಸಂದಿಗೆ ಕಂಬಳಿ ತುರುಕಿ, ನಾಲ್ವರೂ ಅಡುಗೆಮನೆಯಲ್ಲೇ ಬಿಡಾರ ಹೂಡಿದ್ದರು. ಸೌದೆ ಒಲೆ ಇದ್ದದ್ದು ಅಲ್ಲಿ ಮಾತ್ರ. ಒವಿಲಾ ಅವರ ಮಂಚವನ್ನು ಒಲೆಯಿಂದ ದೂರ, ಹೊಲದ ಕಡೆಯ ಕಿಟಕಿಯ ಕೆಳಗೆ ಹಾಕಿದ್ದರು. ಅವರ ಮೂಗಿಗೆ ಹೋಗುವ ಕೊಳವೆಯ ಹತ್ತಿರ ಬೆಂಕಿ ಸುಳಿಯಬಾರದು ಎಂದು ನರ್ಸಮ್ಮ ಮೊದಲೇ ಎಚ್ಚರಿಸಿದ್ದಳು.

ಅರವತ್ತು ಚಳಿಗಾಲ ಬೂಸಲು ಹುಲ್ಲನ್ನು ಕೊಡವಿ ಕೊಡವಿ ಹಸುಗಳಿಗೆ ಹಾಕಿದ ಮನುಷ್ಯನ ಶ್ವಾಸಕೋಶ ಒಣಗಿದ ಸ್ಪಂಜಿನಂತಾಗಿತ್ತು. ಮಂಚದ ಪಕ್ಕದಲ್ಲೊಂದು ಯಂತ್ರ ಹಗಲೂ ರಾತ್ರಿ ಗುಂಯ್ ಎನ್ನುತ್ತಾ ಗಾಳಿಯಿಂದ ಆಮ್ಲಜನಕ ಹಿಂಡಿ ಅವರಿಗೆ ಕೊಡುತ್ತಿತ್ತು. ಕರೆಂಟು ಹೋದರೆ ಆ ಯಂತ್ರ ಬರೀ ಡಬ್ಬ. ಆಗಿನ ಪಾಡಿಗೆಂದು ಎರಡು ಸಿಲಿಂಡರ್ ಇಟ್ಟಿದ್ದರು.

ಪುಣ್ಯಕ್ಕೆ ರೆಜಾನನ ಹತ್ತಿರ ಟ್ರಾಕ್ಟರಿಗೆ ಕಟ್ಟಿ ಓಡಿಸುವ ಜನರೇಟರ್ ಇತ್ತು. ಕೊಟ್ಟಿಗೆಗೂ ಮನೆಗೂ ಅದರಿಂದಲೇ ತಂತಿ ಎಳೆದ. ಹಸುಗಳ ಹಾಲು ಕರೆಯುವ ಯಂತ್ರ ನಡೆಯಿತು, ಒವಿಲಾ ಅವರ ಯಂತ್ರವೂ ನಡೆಯಿತು.

“ನಾನೂ ಹಸುಗಳೂ ಒಂದೇ ತಂತಿಲಿ ಬಿದ್ವಿ” ಎಂದು ಮುದುಕ ಕೆಮ್ಮುತ್ತಾ ನಕ್ಕರು. “ಅವು ಹಾಲಾದ್ರೂ ಕೊಡ್ತವೆ.”

“ನೀವು ಬೈಗುಳ ಕೊಡ್ತೀರಲ್ಲ ಮಾವ, ಅದು ಸಾಲದಾ?” ಎಂದಳು ಓಡೆಟ್, ಬಟಾಣಿ ಸೂಪಿನ ಬಟ್ಟಲು ಅವರ ಕೈಗಿಡುತ್ತಾ.

ಅವರು ಒಂದು ಚಮಚ ಬಾಯಿಗಿಟ್ಟು ಮುಖ ಕಿವುಚಿದರು. “ಈ ಸೂಪೇ ನನ್ನ ಮುಗಿಸೋಕೆ ಸಾಕಾಗಿತ್ತು. ದೇವರು ಸುಮ್ನೆ ಇಷ್ಟೊಂದು ಐಸ್ ಖರ್ಚು ಮಾಡ್ತಾ ಇದಾನೆ.”

ಮದುವೆಯಾಗಿ ಬಂದ ಹೊಸದರಲ್ಲಿ ಇಂಥ ಮಾತಿಗೆ ಅವಳು ಹಾಲಿನ ಕೋಣೆಗೆ ಹೋಗಿ ಅತ್ತದ್ದುಂಟು. ಈಗ, ಮಾವ ಅಣಕಿಸದೆ ಊಟ ಮುಗಿಸಿದ ದಿನವೇ ಅವಳಿಗೆ ಗಾಬರಿ. ಅಂಥ ದಿನ ಅವರ ಉಗುರು ನೀಲಿಗಟ್ಟಿದೆಯೇ ಎಂದು ನೋಡುತ್ತಿದ್ದಳು.

ಮನೆಯ ಹಿಂದಿನ ಗುಡ್ಡದ ಮೇಪಲ್ ತೋಪಿನಿಂದ ಕೊಂಬೆ ಮುರಿಯುವ ಸದ್ದು ಬಂದೂಕು ಹಾರಿಸಿದಂತೆ ಕೇಳುತ್ತಿತ್ತು. ಮೊದಲು ಢಂ ಎಂದು ಒಂದು, ಆಮೇಲೆ ಗಾಜಿನ ಅಂಗಡಿಯೇ ಉರುಳಿದಂತೆ ಉದ್ದನೆಯ ಸದ್ದು. ಪ್ರತಿ ಸಲವೂ ಒವಿಲಾ ಕಣ್ಣು ಮುಚ್ಚುತ್ತಿದ್ದರು. ಆ ಮರಗಳ ರಸ ಕಾಯಿಸಿದ ಪಾಕ ಕುಡಿದೇ ಅವರು ಬೆಳೆದದ್ದು. ಅದರ ಬಗ್ಗೆ ಮಾತ್ರ ಅವರು ಒಂದು ಮಾತೂ ಆಡಲಿಲ್ಲ, ಅವರೆದುರು ಬೇರೆ ಯಾರೂ ಆಡಲಿಲ್ಲ.

ಕರೆಂಟು ಹೋದ ಮಾರನೆಯ ಮಧ್ಯಾಹ್ನ ಹೊಲದಾಚೆಯ ದೊನಾ, ಹೆಂಡತಿ ಪಿಯೆರೆಟ್‌ಳನ್ನು ಹಸುಗಳ ಹತ್ತಿರ ಬಿಟ್ಟು, ನಡೆದುಕೊಂಡು ಬಂದ. ಎಲ್ಲೋ ಬಿದ್ದು ಹಣೆ ಒಡೆದುಕೊಂಡಿದ್ದ. ರಕ್ತ ಹುಬ್ಬಿನ ಮೇಲೆ ಗಟ್ಟಿಯಾಗಿತ್ತು. ಬಾಗಿಲಲ್ಲೇ ನಿಂತ.

“ಒಳಗೆ ಬಾ ಮಾರಾಯ, ಚಳಿನೆಲ್ಲ ಒಳಗೆ ಬಿಡ್ತಾ ಇದೀಯ” ಎಂದ ರೆಜಾನ್.

“ನಾನೂ ಪಿಯೆರೆಟ್ಟೂ ನಿನ್ನೆಯಿಂದ ಕೈಯಲ್ಲೇ ಕರೀತಾ ಇದೀವಿ” ಎಂದ ದೊನಾ. ಅಂಗೈ ಚಾಚಿ ತೋರಿಸಿದ. ಬೆರಳುಗಳು ಮಡಚಲಾಗದಂತೆ ಊದಿದ್ದವು. “ಅರ್ಧ ಹಸುಗಳ ಹತ್ತಿರ ಹೋಗಕ್ಕೇ ಆಗಿಲ್ಲ. ಕೆಚ್ಚಲು ಕಲ್ಲಾಗಿದೆ. ಎರಡಕ್ಕೆ ಜ್ವರ ಬಂದಿದೆ. ನಿನ್ನ ಜನರೇಟರ್ ಒಂದು ಸ್ವಲ್ಪ ಹೊತ್ತು…”

ಅವನು ಮಂಚದ ಕಡೆಗೆ ನೋಡಿದ. ರೆಜಾನನೂ ಅಪ್ಪನ ಮುಖ ನೋಡಿದ.

“ನನ್ನೇನ್ ನೋಡ್ತೀಯೋ?” ಎಂದರು ಒವಿಲಾ. “ಸಿಲಿಂಡರ್ ಇಲ್ವಾ? ನಮ್ದು ಕರೆದು ಮುಗಿಸಿ ಆ ಕಡೆ ತಗೊಂಡು ಹೋಗು. ಅವಂದು ಮುಗಿದ ಮೇಲೆ ವಾಪಸ್ ತಾ.”

“ಮಾವ, ಹೊಸ ಸಿಲಿಂಡರ್ ತರೋ ಲಾರಿ ಬರೋ ಹಾಗಿಲ್ಲ” ಎಂದಳು ಓಡೆಟ್.

“ಹೊಲದ ಆ ಕಡೆಯಿಂದ ಹಸು ಅರಚ್ತಾ ಇರೋದು ನಿಂಗೆ ಕೇಳಿಸ್ತಿಲ್ಲ. ಪೇಟೆಯೋಳು, ನಿನ್ನ ಕಿವಿನೇ ಬೇರೆ. ನಂಗೆ ಬೆಳಗಿನಿಂದ ಕೇಳಿಸ್ತಾ ಇದೆ.”

ನಿಜಕ್ಕೂ ಅವಳಿಗೂ ಕೇಳಿಸಿತ್ತು. ಕೇಳಿಸಲಿಲ್ಲ ಎಂದುಕೊಂಡು ಪಾತ್ರೆ ತೊಳೆದಿದ್ದಳು.

ಹಾಗೆ ಆ ಏರ್ಪಾಡು ಶುರುವಾಯಿತು. ತಮ್ಮ ಹಸುಗಳದ್ದು ಮುಗಿದ ಮೇಲೆ ರೆಜಾನ್ ಟ್ರಾಕ್ಟರಿನ ಚಕ್ರಕ್ಕೆ ಸರಪಳಿ ಸುತ್ತಿ ಜನರೇಟರನ್ನು ರಸ್ತೆಯ ಮೇಲೆ ದೊನಾನ ಕೊಟ್ಟಿಗೆಗೆ ಎಳೆದುಕೊಂಡು ಹೋಗುವುದು, ಅಲ್ಲಿ ಕರೆದು ಮುಗಿಸಿ ವಾಪಸು ತರುವುದು, ಅಷ್ಟು ಹೊತ್ತು ಒವಿಲಾ ಸಿಲಿಂಡರಿನಿಂದ ಉಸಿರಾಡುವುದು. ಮೊದಲ ದಿನ ಎಲ್ಲ ಸರಿಹೋಯಿತು. ಎರಡನೆಯ ದಿನವೂ ಸರಿಹೋಯಿತು, ಆದರೆ ಒಂದು ಸಿಲಿಂಡರ್ ಪೂರಾ ಬರಿದಾಗಿ, ಇನ್ನೊಂದಕ್ಕೆ ಕೈಹಾಕಬೇಕಾಯಿತು. ಮೂರನೆಯ ದಿನ ಮಳೆ ಇನ್ನೂ ದಪ್ಪವಾಗಿ ಹೊಯ್ಯಿತು. ರೆಜಾನ್ ಹೊರಡುವಾಗ ಓಡೆಟ್ ಸೌದೆಯ ಕೊಟ್ಟಡಿಯವರೆಗೆ ಅವನ ಹಿಂದೆ ಹೋದಳು.

“ಇವತ್ತು ಬೇಡ ರೆಜಾನ್.”

“ಒಂದು ಹೊತ್ತು ತಪ್ಪಿದ್ರೆ ಅವನ ಹಸುಗಳು ಹೋದ ಹಾಗೇ.”

“ಸಿಲಿಂಡರ್‌ನಲ್ಲಿ ಎಷ್ಟಿದೆ ನೋಡಿದ್ಯಾ?”

“ನೋಡ್ದೆ. ಹಾಲು ಕರೆಯೋಷ್ಟು ಹೊತ್ತಿಗೆ ಸಾಕು. ಅಪ್ಪನೇ ಹೋಗು ಅಂತಿದಾರಲ್ಲ, ಇನ್ನೇನು ಮಾಡ್ಲಿ ಹೇಳು?”

“ಬೇಗ ಬಾ” ಎಂದಳು, ಅಷ್ಟೇ.

ಊಟದ ಹೊತ್ತಾಯಿತು. ಊಟ ಮುಗಿದು ತಟ್ಟೆ ಒಣಗಿದವು. ಟ್ರಾಕ್ಟರಿನ ಸದ್ದಿಲ್ಲ. ಓಡೆಟ್ ಮತ್ತೆ ಮತ್ತೆ ಸಿಲಿಂಡರಿನ ಅಳತೆಮುಳ್ಳನ್ನು ಬಗ್ಗಿ ನೋಡುವುದನ್ನು ಒವಿಲಾ ಕಂಡರು. ಗಾಳಿಯನ್ನು ತಾವೇ ಸ್ವಲ್ಪ ಕಡಿಮೆ ಮಾಡಿಕೊಂಡರು. ತುಟಿಗೆ ನೇರಳೆ ಬಣ್ಣ ಬಂತು. ಮುಳ್ಳು ಕೆಂಪು ಗೆರೆಗೆ ಬಂದಾಗ ಅವಳು ರೆಜಾನನ ದಪ್ಪ ಕೋಟು ತೊಟ್ಟು, ಬೂಟಿನ ಮೇಲೆ ಉಣ್ಣೆಯ ಕಾಲುಚೀಲ ಎಳೆದುಕೊಂಡಳು. ಐಸಿನ ಮೇಲೆ ಜಾರದಿರಲು ಅದೊಂದೇ ಉಪಾಯ.

“ಎಲ್ಲಿಗೆ?” ಎಂದರು ಒವಿಲಾ.

“ರೆಜಾನ್‌ನ ಕರ್ಕೊಂಡು ಬರ್ತೀನಿ.”

“ಕಾಲು ಮುರ್ಕೊಂಡು ಹೊಲದ ಮಧ್ಯ ಬಿದ್ರೆ ಯಾರು ಹೊತ್ಕೊಂಡು ಬರ್ತಾರೆ? ನಾನಾ?” ಪ್ರತಿ ಎರಡು ಪದಕ್ಕೊಮ್ಮೆ ಅವರು ನಿಲ್ಲುತ್ತಿದ್ದರು. “ಕೂತ್ಕೋ. ಬರ್ತಾನೆ ಅವನು.”

ಅವಳು ಕೂರಲಿಲ್ಲ. ಅನಿಕಳನ್ನು ಒಲೆಯ ಹತ್ತಿರ ಕರೆದು ಹೇಳಿದಳು: “ಸೌದೆ ಹಾಕ್ತಾ ಇರು, ಒಲೆ ಆರಬಾರದು. ಅಜ್ಜನ ಕೈಲಿ ಮಾತಾಡಿಸ್ಬೇಡ, ಅವರಿಗೆ ಉಸಿರು ಖರ್ಚಾಗುತ್ತೆ. ನೀನೇ ಮಾತಾಡ್ತಾ ಇರು. ಗೊತ್ತಾಯ್ತಾ?”

“ಏನ್ ಮಾತಾಡ್ಲಿ?”

“ಏನಾದ್ರೂ.”

ರಸ್ತೆಯ ತುಂಬ ತಂತಿಗಳು ಬಿದ್ದಿದ್ದವು. ಯಾವುದರಲ್ಲಿ ಕರೆಂಟು ಇದೆಯೋ ಯಾವುದರಲ್ಲಿ ಇಲ್ಲವೋ ಗೊತ್ತಿರಲಿಲ್ಲ. ಓಡೆಟ್ ಹೊಲಕ್ಕೆ ಇಳಿದಳು. ಹಿಮದ ಮೇಲೆ ಕೂತ ಐಸು ಮೊದಲು ಭಾರ ಹೊರುವಂತೆ ನಟಿಸಿ, ಆಮೇಲೆ ಸಟ್ಟನೆ ಒಡೆದು ಮೊಣಕಾಲವರೆಗೆ ಒಳಗೆಳೆಯುತ್ತಿತ್ತು. ಒಡೆಯದ ಕಡೆ ಜಾರುತ್ತಿತ್ತು. ಹಾಕಿ ಆಟದ ಕೋಲನ್ನು ಊರುಗೋಲು ಮಾಡಿಕೊಂಡಿದ್ದಳು. ಬಿದ್ದಳು, ಎದ್ದಳು. ಮಳೆ ರೆಪ್ಪೆಯ ಮೇಲೆ ಗಟ್ಟಿಯಾಗಿ ಕಣ್ಣು ತೆರೆಯಲು ಬೆರಳು ಬೇಕಾಯಿತು. ನಡುವಿನ ತೋಡು ದಾಟುವಾಗ ಕಾಲು ಎರಡೂ ಒಮ್ಮೆಲೇ ಹಾರಿ ಎಡಗೈ ಮೈಕೆಳಗೆ ಸಿಕ್ಕಿತು. ಮಣಿಕಟ್ಟಿನಲ್ಲಿ ಒಣ ಕಡ್ಡಿ ಮುರಿದ ಸದ್ದು ಕೇಳಿತು. ಅಲ್ಲಿಂದ ದೊನಾನ ಬೇಲಿಯವರೆಗೆ ಮಂಡಿಯೂರಿಯೇ ಹೋದಳು.

ಕೊಟ್ಟಿಗೆಯ ಬಾಗಿಲು ತಳ್ಳಿದಾಗ ಮೊದಲು ಕಣ್ಣಿಗೆ ಹೊಡೆದದ್ದು ಬೆಳಕು. ಬಲ್ಬುಗಳು ಉರಿಯುತ್ತಿದ್ದವು, ಹಾಲಿನ ಕೊಳವೆಗಳು ತಾಳ ಹಾಕಿದಂತೆ ಚಿಕ್ ಚಿಕ್ ಎನ್ನುತ್ತಿದ್ದವು, ಬೆಚ್ಚನೆಯ ಸಗಣಿಯ ವಾಸನೆ. ರೆಜಾನ್ ಒಂದು ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ.

“ಇನ್ನೂ ಮುಗಿದಿಲ್ವಾ?” ಎಂದು ಕಿರುಚಿದಳು.

ಅವಳನ್ನು ನೋಡಿದ ಕೂಡಲೇ ಅವನ ಮುಖ ಬಿಳಿಚಿತು. “ಪಂಪು ಹೆಪ್ಪುಗಟ್ಟಿತ್ತು. ಅದನ್ನ ಬಿಸಿ ಮಾಡಿ… ಆಮೇಲೆ ಈ ಕೊನೆ ಸಾಲು ಮಾತ್ರ ಅಂತ…”

“ಮುಳ್ಳು ಕೆಂಪಿಗೆ ಬಂದಿದೆ ರೆಜಾನ್.”

ದೊನಾ ಹೋಗಿ ಜನರೇಟರ್ ಆರಿಸಿದ. ಬಲ್ಬುಗಳೆಲ್ಲ ನಂದಿದವು. ಕತ್ತಲಲ್ಲಿ ಕೊನೆಯ ಸಾಲಿನ ಹಸುಗಳು ಅರಚತೊಡಗಿದವು.

ಟ್ರಾಕ್ಟರಿಗೆ ಜನರೇಟರ್ ಸಿಕ್ಕಿಸಿ ರಸ್ತೆಗೆ ಬಂದದ್ದೇನೋ ಬೇಗ. ಆದರೆ ಬೆಳಿಗ್ಗೆ ರೆಜಾನ್ ದಾಟಿ ಬಂದಿದ್ದ ಜಾಗದಲ್ಲಿ ಈಗ ಒಂದು ದೊಡ್ಡ ಮೇಪಲ್ ಬೇರುಸಹಿತ ಅಡ್ಡ ಬಿದ್ದಿತ್ತು. ರೆಜಾನ್, ಆ ಸೀಮೆಯವರ ವಾಡಿಕೆಯಂತೆ, ಇಗರ್ಜಿಯ ಪವಿತ್ರ ಸಾಮಾನುಗಳ ಹೆಸರನ್ನೆಲ್ಲ ಒಂದೊಂದಾಗಿ ಬೈಗುಳ ಮಾಡಿ ಉಗುಳಿದ. ದೊನಾ ಮೋಟಾರು ಗರಗಸ ತರಲು ವಾಪಸು ಓಡಿದ. ಓಡುತ್ತಾ ಬಿದ್ದ, ಬಿದ್ದಲ್ಲಿಂದಲೇ ತೆವಳಿದ. ಐಸು ಕವಿದ ಮರ ಗರಗಸಕ್ಕೆ ಬಗ್ಗಲಿಲ್ಲ. ಹಲ್ಲು ಜಾರಿ ಜಾರಿ ಹೋಗುತ್ತಿತ್ತು. ಓಡೆಟ್ ಮುರಿದ ಕೈಯನ್ನು ಕೋಟಿನೊಳಗೆ ತುರುಕಿಕೊಂಡು, ಒಂದೇ ಕೈಯಲ್ಲಿ ತುಂಡುಗಳನ್ನು ಎಳೆದು ಹಾಕಿದಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಟ್ರಾಕ್ಟರ್ ನುಸುಳುವಷ್ಟು ದಾರಿಯಾಗುವ ಹೊತ್ತಿಗೆ ಬೆಳಕು ಮಾಸತೊಡಗಿತ್ತು.

ಅಡುಗೆಮನೆಯ ಬಾಗಿಲು ತೆರೆದರೆ ಧಗೆ ಮುಖಕ್ಕೆ ರಾಚಿತು. ಒಲೆಯ ಕಬ್ಬಿಣ ಕೆಂಪಗಾಗಿತ್ತು. ಅನಿಕ್ ಮಂಚದ ಪಕ್ಕ ನೆಲದ ಮೇಲೆ ಕೂತು, ಅಜ್ಜನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

“ಅಮ್ಮಾ, ಸೌದೆ ಖಾಲಿಯಾಯ್ತು” ಎಂದಳು.

ರೆಜಾನ್ ಹೊರಗೆ ಜನರೇಟರ್ ಚಾಲೂ ಮಾಡಿದ. ಮಂಚದ ಪಕ್ಕದ ಯಂತ್ರ ಮತ್ತೆ ಗುಂಯ್ ಎಂದಿತು, ಕೊಳವೆಯಲ್ಲಿ ಗಾಳಿ ಬಂತು. ಓಡೆಟ್ ಮಾವನ ಕೆನ್ನೆ ಮುಟ್ಟಿ ನೋಡಿ, ಕೈ ಚಾಚಿ ಯಂತ್ರದ ಗುಂಡಿ ಒತ್ತಿ ಆರಿಸಿದಳು. ಬಾಗಿಲಲ್ಲಿ ನಿಂತಿದ್ದ ರೆಜಾನನಿಗೆ ಅಷ್ಟರಿಂದಲೇ ಗೊತ್ತಾಯಿತು.

ಪಾದ್ರಿಗಳು ಬರುವ ಹಾಗಿರಲಿಲ್ಲ, ಶವ ಒಯ್ಯುವ ಗಾಡಿಯೂ ಬರುವ ಹಾಗಿರಲಿಲ್ಲ. ಮನೆಯ ಮುಂಗೋಣೆಯಲ್ಲಿ ನೀರು ಬಕೆಟ್ಟಿನಲ್ಲೇ ಗಡ್ಡೆಯಾಗುವಷ್ಟು ಚಳಿ. ಅಲ್ಲಿ ಕ್ರಿಸ್‌ಮಸ್ ಮರ ಇನ್ನೂ ಹಾಗೇ ನಿಂತಿತ್ತು. ರೆಜಾನ್ ಅದನ್ನು ಗೊಂಬೆ, ಮಿನುಗುಗಳ ಸಮೇತ ಎತ್ತಿ ಹೊರಗೆಸೆದ. ಬಾಗಿಲೊಂದನ್ನು ಕಳಚಿ ಎರಡು ಸ್ಟೂಲಿನ ಮೇಲಿಟ್ಟು, ಅದರ ಮೇಲೆ ಅಪ್ಪನನ್ನು ಮಲಗಿಸಿದರು. ಇದೇ ಕೋಣೆಯಲ್ಲಿ ಒವಿಲಾ ಅವರ ತಂದೆಯನ್ನೂ ತಾಯಿಯನ್ನೂ ಮಲಗಿಸಿ ಊರು ಮೂರು ದಿನ ಹೆಣದ ಪಕ್ಕ ಕೂತು ಕಾದಿತ್ತಂತೆ. ಆ ಕಾಲ ಮುಗಿದುಹೋಯಿತು ಎಂದು ಎಲ್ಲರೂ ಅಂದುಕೊಂಡಿದ್ದರು.

ಮರುದಿನ ಬೆಳಿಗ್ಗೆ ದೊನಾ ಮತ್ತು ಪಿಯೆರೆಟ್ ಹೊಲ ದಾಟಿ ಬಂದರು. ಪಿಯೆರೆಟ್ ಬಟ್ಟೆಯಲ್ಲಿ ಸುತ್ತಿದ ಹಂದಿಮಾಂಸ ತುಂಬಿ ಬೇಯಿಸಿದ ತುರ್ತಿಯೆರ್ ಎಂಬ ಕಡುಬನ್ನು ಮೇಜಿನ ಮೇಲಿಟ್ಟು, ಓಡೆಟ್‌ಳ ಮಣಿಕಟ್ಟಿಗೆ ಎರಡು ಹಲಗೆ ತುಂಡು ಕಟ್ಟಿದಳು. ಆಮೇಲೆ ಇಬ್ಬರೂ ಸೇರಿ ಒವಿಲಾ ಅವರ ಮುಖ ತೊಳೆದು, ಮದುವೆಯ ಕೋಟು ತೊಡಿಸಿದರು. ಪಿಯೆರೆಟ್ ಜಪಮಾಲೆ ಹಿಡಿದು ಪ್ರಾರ್ಥನೆ ಶುರುಮಾಡಿದಳು. ಎಲ್ಲರ ಬಾಯಿಂದಲೂ ಹಬೆ ಏಳುತ್ತಿತ್ತು, ಒಬ್ಬರ ಬಾಯಿಂದ ಬಿಟ್ಟು. ಓಡೆಟ್ ಅದನ್ನು ನೋಡಲಾಗದೆ ನೆಲ ನೋಡಿದಳು.

ಪ್ರಾರ್ಥನೆ ಮುಗಿದ ಮೇಲೆ ದೊನಾ ಅಡುಗೆಮನೆಯಲ್ಲಿ ಟೋಪಿ ಹಿಂಡುತ್ತಾ ನಿಂತ. “ಓಡೆಟ್, ನಾನು… ನನ್ನ ಹಸುಗಳು ಉಳಿದ್ವು. ಏನಂತ ಹೇಳ್ಲಿ ನಿಂಗೆ?”

“ಏನೂ ಹೇಳ್ಬೇಡ. ಕಾಫಿ ಕುಡಿ.”

ಕಾಫಿ ಕುಡಿಯುವಾಗ ಹೊಲದಾಚೆಯ ಸದ್ದು ಸ್ಪಷ್ಟವಾಗಿ ಕೇಳಿಸಿತು. ಹಸುಗಳು ಮತ್ತೆ ಅರಚುತ್ತಿದ್ದವು. ಹಿಂದಿನ ದಿನ ಅರ್ಧಕ್ಕೆ ಬಿಟ್ಟವು ಅವು. ದೊನಾ ಕೇಳಿಸದವನಂತೆ ಲೋಟ ನೋಡುತ್ತಿದ್ದ. ಪಿಯೆರೆಟ್ ಕಿಟಕಿಗೆ ಬೆನ್ನು ತಿರುಗಿಸಿ ಕೂತಿದ್ದಳು. ಜನರೇಟರ್ ಮತ್ತೆ ಕೊಡಿ ಎಂದು ಅವರಿಬ್ಬರೂ ಸತ್ತರೂ ಕೇಳುತ್ತಿರಲಿಲ್ಲ.

ಅವರು ಹೊರಟು ಬಾಗಿಲು ಮುಚ್ಚಿದ ಮೇಲೆ ಓಡೆಟ್ ಗಂಡನ ಮುಂದೆ ನಿಂತಳು. “ಜನರೇಟರ್ ತಗೊಂಡು ಹೋಗು.”

“ಅಪ್ಪ ಒಳಗೆ ಮಲಗಿದಾರೆ.”

“ಗೊತ್ತು.”

“ಆ ಜನರೇಟರ್ ಇಲ್ಲಿಂದ ಎಲ್ಲಿಗೂ ಹೋಗಲ್ಲ. ಅವನ ಹಸುಗಳು ಸಾಯ್ಲಿ. ನಂದೂ ಸಾಯ್ಲಿ.” ಅವನು ಮೇಜಿಗೆ ಗುದ್ದಿದ. “ಇನ್ನು ಆರು ಹಸು, ಇನ್ನು ಐದು ಹಸು ಅಂತ ಕೂತೆ ನಾನು. ಎದ್ದು ಬರ್ಬಹುದಿತ್ತು. ಅವನು ಹೇಳಿದ್ದಲ್ಲ ಓಡೆಟ್. ದೊನಾ ಎರಡು ಸಲ ಹೋಗು ಹೋಗು ಅಂದ. ನಾನೇ ಕೂತೆ.”

ಅವಳ ಬಾಯಲ್ಲಿ ಒಂದು ಮಾತು ಸಿದ್ಧವಾಗಿತ್ತು. ಅದನ್ನು ಆಡಿದ್ದರೆ ಆ ಮದುವೆ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಅದನ್ನು ನುಂಗಿದಳು. ಕರುಣೆಯಿಂದ ನುಂಗಿದ್ದಲ್ಲ, ಒಂದೇ ಒಲೆಯ ಮುಂದೆ ಇನ್ನೂ ಎಷ್ಟು ದಿನ ಇರಬೇಕೋ ಗೊತ್ತಿರಲಿಲ್ಲ.

“ನಮಗೆ ಹಾಲು ಕರೆಯೋಷ್ಟು ಹೊತ್ತು ಇದ್ರೆ ಸಾಕು” ಎಂದಳು. “ಈಗ ಈ ಮನೆಯೊಳಗೆ ಅದು ಯಾರಿಗೂ ಬೇಕಾಗಿಲ್ಲ. ಹೋಗು.”

ರೆಜಾನ್ ಎದ್ದು ಕೋಟು ತೊಟ್ಟ. ಟ್ರಾಕ್ಟರ್ ರಸ್ತೆಗೆ ಇಳಿಯುವುದನ್ನು ಅವಳು ನೋಡಲಿಲ್ಲ. ಸೌದೆಯ ಕೊಟ್ಟಡಿಗೆ ಹೋಗಿ, ಒಂದು ಕೈಯಲ್ಲಿ ಆಗುವಷ್ಟು ಸೌದೆ ತಂದಳು.

ಸೈನಿಕರ ಲಾರಿ ನಾಲ್ಕನೇ ಸಾಲಿಗೆ ಬರಲು ಇನ್ನೂ ಕೆಲವು ದಿನ ಹಿಡಿಯಿತು. ಚಿಕ್ಕ ವಯಸ್ಸಿನ ಹುಡುಗರು. ಮುಂಗೋಣೆಯ ಬಾಗಿಲು ತೆರೆದು ಟೋಪಿ ತೆಗೆದು ನಿಂತರು. ಒವಿಲಾ ಅವರನ್ನೂ, ಓಡೆಟ್ ಮತ್ತು ಅನಿಕಳನ್ನೂ ಒಂದೇ ಲಾರಿಯಲ್ಲಿ ಕರೆದೊಯ್ದರು. ತಾಯಿ ಮಗಳು ಊರಿನ ಶಾಲೆಯ ಆಟದ ಕೋಣೆಯಲ್ಲಿ, ನೂರಾರು ಮಂದಿಯ ನಡುವೆ ಮಡಚುಮಂಚದ ಮೇಲೆ ಮಲಗಿದರು. ರೆಜಾನ್ ಹಸುಗಳ ಜೊತೆ ಉಳಿದ. ಕರೆಂಟು ಬಂದದ್ದು ತಿಂಗಳ ಮೇಲೆ. ತೋಪಿನಲ್ಲಿ ತಲೆ ಇರುವ ಮರ ಒಂದೂ ಉಳಿದಿರಲಿಲ್ಲ. ಆ ವಸಂತದಲ್ಲಿ ಪಾಕ ಕಾಯಿಸುವ ಗುಡಿಸಲಿನ ಬೀಗವನ್ನೇ ತೆಗೆಯಲಿಲ್ಲ.

ಹೆಪ್ಪುಗಟ್ಟಿದ್ದ ನೆಲ ಸಡಿಲವಾದ ಮೇಲೆ, ಮೇ ತಿಂಗಳಲ್ಲಿ, ಅಲ್ಲಿವರೆಗೆ ಶವಾಗಾರದಲ್ಲಿದ್ದ ಒವಿಲಾ ಅವರನ್ನು ಮಣ್ಣು ಮಾಡಿದರು. ಆ ಚಳಿಗಾಲದಿಂದ ಅನಿಕ್ ಮಾತು ಕಡಿಮೆ ಮಾಡಿದ್ದಳು. ಆ ಮಧ್ಯಾಹ್ನದ ಬಗ್ಗೆ ಕೇಳಿದರೆ ‘ಸೌದೆ ಹಾಕ್ದೆ’ ಎಂದಷ್ಟೇ ಹೇಳುತ್ತಿದ್ದಳು. ಸ್ಮಶಾನದಿಂದ ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ತಾಯಿಯ ಪಕ್ಕ ಕೂತಿದ್ದವಳು ಇದ್ದಕ್ಕಿದ್ದಂತೆ ಬಾಯಿಬಿಟ್ಟಳು.

“ನೀನು ಮಾತಾಡ್ತಾ ಇರು ಅಂದಿದ್ಯಲ್ಲ. ನಂಗೆ ಏನೂ ತೋಚಲಿಲ್ಲ. ಅಜ್ಜ, ನಿಮ್ಮಮ್ಮ ಎಲ್ಲಿವರೆಗೆ ಹೋದಳು ನೋಡಿ ಹೇಳು ಅಂದ್ರು. ಕಿಟಕಿಲಿ ನಿಂತು ಹೇಳ್ದೆ. ಬಿದ್ದಳು, ಎದ್ದಳು, ಮತ್ತೆ ಬಿದ್ದಳು ಅಂತ. ಅಜ್ಜ ನಕ್ಕರು. ಪೇಟೆಯೋಳು, ಆದ್ರೆ ಗಟ್ಟಿ ಅಂದ್ರು.”

ಮುಂದೆ ಕೂತಿದ್ದ ರೆಜಾನ್ ಕಾರನ್ನು ನಿಧಾನ ಮಾಡಿದ.

“ಆಮೇಲೆ ನೀನು ತೋಡಿನ ಹತ್ರ ಕಾಣಿಸ್ಲೇ ಇಲ್ಲ. ಅಜ್ಜ ಹೇಳು ಹೇಳು ಅಂತ ಕೈಸನ್ನೆ ಮಾಡ್ತಾ ಇದ್ರು. ಅದಕ್ಕೆ ನಾನು… ಅಮ್ಮ ಮುಟ್ಟಿದ್ಲು ಅಂದೆ. ಟ್ರಾಕ್ಟರ್ ಹೊರಡ್ತು ಅಂದೆ. ದೀಪ ಕಾಣ್ತಾ ಇದೆ, ತಿರುವಿಗೆ ಬಂತು, ನಮ್ಮ ಗೇಟಿಗೆ ಬಂತು ಅಂದೆ.” ಅವಳು ಕಾರಿನ ಕಿಟಕಿಯತ್ತ ತಿರುಗಿದಳು. “ಹೊರಗೆ ಏನೂ ಇರ್ಲಿಲ್ಲಮ್ಮ. ಎಲ್ಲ ಸುಳ್ಳು. ಗೇಟಿಗೆ ಬಂತು ಅಂದಾಗ ಅವರು ಕಣ್ಣು ಮುಚ್ಚಿದ್ರು. ನಾನು ಸುಳ್ಳು ಹೇಳ್ದೇ ಇದ್ದಿದ್ರೆ ಇನ್ನೂ ಸ್ವಲ್ಪ ಹೊತ್ತು ಕಾಯ್ತಿದ್ರೇನೋ.”

ರೆಜಾನ್ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದ. ತಿರುಗಿ ನೋಡಲಿಲ್ಲ; ಹಣೆಯನ್ನು ಸ್ಟಿಯರಿಂಗಿಗೆ ಇಟ್ಟ. ಓಡೆಟ್ ಮಗಳನ್ನು ಹತ್ತಿರ ಎಳೆದುಕೊಂಡಳು. ಬದಿಯ ಹೊಲದಲ್ಲಿ ಯಾರೋ ಉಳುತ್ತಿದ್ದರು, ನೇಗಿಲಿನ ಹಿಂದೆ ಕಡಲಕ್ಕಿಗಳು ಬೊಬ್ಬೆ ಹೊಡೆಯುತ್ತಿದ್ದವು. ಆಮೇಲೆ ಹಾಲು ಕರೆಯುವ ಹೊತ್ತಾಗಿದ್ದರಿಂದ ರೆಜಾನ್ ಕಾರು ಶುರುಮಾಡಿದ.